ಕಡ್ಡಿ ಚಕ್ರ

ಅಶ್ವತ್ಥಪ್ಪನಿಗೆ ತೆಲುಗು ಬರುವುದಿಲ್ಲ ಎಂದು ಮೂರು ಭಾಷೆಗಳ ಗಡಿಯ ಕೆಲಮಂಗಲದಲ್ಲಿ ಯಾರಾದರೂ ಹೇಳಿದ್ದರೆ ಜನ ನಕ್ಕುಬಿಡುತ್ತಿದ್ದರು. ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಸೈಕಲ್ ಶಾಪ್ ಇಟ್ಟುಕೊಂಡೇ ತಲೆ ನರೆಸಿಕೊಂಡ ಮನುಷ್ಯ ಅವನು. ಸಂತೆಗೆ ಬಂದವರ ಹತ್ತಿರ ತೆಲುಗು, ಪೊಲೀಸಿನವರ ಹತ್ತಿರ ತಮಿಳು, ಮನೆಯವರ ಹತ್ತಿರ ಕನ್ನಡ, ಬೈಯಬೇಕಾಗಿ ಬಂದರೆ ಮೂರೂ ಒಟ್ಟಿಗೆ. ಅಂಥವನು ಅಂಗಡಿ ಮುಚ್ಚಿ ಹೊಸೂರಿನ ಆಲಸನತ್ತಂನಲ್ಲಿರುವ ಮಗನ ಮನೆಗೆ ಬಂದ ಮೇಲೆ ತೆಲುಗನ್ನು ಪೂರ್ತಿ ಮರೆತೇಬಿಟ್ಟ. ಸೊಸೆ ಭಾನು ಏನು ಹೇಳಿದರೂ ಅವನದು ಒಂದೇ ಉತ್ತರ, ನಿನ್ನ ತೆಲುಗು ನಂಗೆ ತಿಳಿಯಾಕಿಲ್ಲ ಕಣಮ್ಮ.

ಭಾನು ಕೃಷ್ಣಗಿರಿಯ ಹುಡುಗಿ. ತವರಿನ ಮಾತು ತೆಲುಗು ಎನ್ನುವುದು ನಿಜವೇ. ಆದರೆ ಮಾವನ ಹತ್ತಿರ ಅವಳು ಒಂದು ದಿನವೂ ತೆಲುಗು ಆಡಿದವಳಲ್ಲ. ಮದುವೆಗೆ ಮುಂಚೆಯೇ, ಗಂಡನಾಗಲಿದ್ದ ಗೋಪಿನಾಥನಿಂದ ಕನ್ನಡ ಕಲಿತಿದ್ದಳು. ತಪ್ಪಿದ ಕಡೆ ಅತ್ತೆ ಪಿಳ್ಳಮ್ಮನಿಂದ ತಿದ್ದಿಸಿಕೊಂಡಿದ್ದಳು. ‘ಊಟಕ್ಕೆ ಬನ್ನಿ ಮಾವ’ ಅನ್ನೋದು ಯಾವ ಸೀಮೆಯ ತೆಲುಗು ಎಂದು ಅವಳು ಗಂಡನನ್ನು ಕೇಳುತ್ತಿದ್ದಳು. ವಯಸ್ಸಾಯಿತು, ತಲೆಗೆ ಹಚ್ಚಿಕೋಬೇಡ ಎಂದು ಗೋಪಿ ಜಾರಿಕೊಳ್ಳುತ್ತಿದ್ದ. ಹಚ್ಚಿಕೊಳ್ಳದೆ ಇರುವುದು ಹೇಗೆ? ಮಗಳು ಸಹನಾಳನ್ನು ಅವಳು ತೆಲುಗಿನಲ್ಲಿ ಮುದ್ದು ಮಾಡುತ್ತಿದ್ದರೆ, ಈ ಮನೇಲಿ ಎಲ್ಲರಿಗೂ ತಿಳಿಯೋ ಹಂಗೆ ಮಾತಾಡ್ರಿ ಎಂದು ಜಗುಲಿಯಿಂದ ಗದರಿಕೆ ಬರುತ್ತಿತ್ತು. ತೆಲುಗಿನ ಹುಡುಗಿ ಸೊಸೆಯಾಗಿ ಬಂದದ್ದನ್ನು ಈ ಮುದುಕ ಸಾಯುವವರೆಗೂ ಕ್ಷಮಿಸುವುದಿಲ್ಲ ಎಂದು ಭಾನು ತೀರ್ಮಾನಿಸಿಕೊಂಡಿದ್ದಳು. ಬಡಿಸುವುದು ಬಡಿಸುತ್ತಿದ್ದಳು, ಒಗೆಯುವುದು ಒಗೆಯುತ್ತಿದ್ದಳು, ಮಾತು ಮಾತ್ರ ಕಡಿಮೆ ಮಾಡಿದ್ದಳು.

ಪಿಳ್ಳಮ್ಮನದು ಇನ್ನೊಂದು ಥರ. ಅವಳ ಬಾಯಿ ಇಡೀ ಬೀದಿಗೆ ಪರಿಚಯ. ಮುದ್ದೆ ತಣ್ಣಗಾಯಿತು ಎಂದು ಅವಳು ಗಂಡನಿಗೆ ಹೇಳಿದರೆ ಮೂಲೆ ಅಂಗಡಿಯವನಿಗೂ ಅದು ಗೊತ್ತಾಗುತ್ತಿತ್ತು. ಸಾಧು ಗಂಡನಿಗೆ ಎಂಥ ಹೆಂಡತಿ ಸಿಕ್ಕಳಪ್ಪ ಎಂದು ಅಕ್ಕಪಕ್ಕದವರು ಮರುಗುತ್ತಿದ್ದರು. ಅವಳ ಬಾಯಿಯ ವಿಷಯದಲ್ಲಿ ಮನೆಯೊಳಗೂ ಅದೇ ಅಭಿಪ್ರಾಯವಿತ್ತು.

ಸಂಕ್ರಾಂತಿ ಕಳೆದ ಮೇಲೆ ಕಾರು ಬಂತು. ಫ್ಯಾಕ್ಟರಿ ಕೆಲಸ ಬಿಟ್ಟ ಗೋಪಿನಾಥ ಮನೆಯ ಹಿಂದೆ ಶೆಡ್ ಹಾಕಿಕೊಂಡು ಹಳೆಯ ಕಾರುಗಳನ್ನು ಬಿಚ್ಚಿ ಹೊಸದು ಮಾಡುವ ಕಸುಬು ಹಿಡಿದಿದ್ದ. ಲಾರಿಯಿಂದ ಇಳಿದದ್ದು ಎರಡೇ ಸೀಟಿನ, ಮೇಲೆ ಚಾವಣಿಯಿಲ್ಲದ, ಸೊಂಟದೆತ್ತರದ ಇಂಗ್ಲೆಂಡಿನ ಎಂ.ಜಿ. ಕಾರು. ಒಂದು ಕಾಲಕ್ಕೆ ಹಸಿರು ಬಣ್ಣದ್ದಾಗಿತ್ತು ಎಂಬುದು ಬಾಗಿಲಿನ ಸಂದಿ ನೋಡಿದರಷ್ಟೇ ತಿಳಿಯುತ್ತಿತ್ತು. ಅದರ ಮಾಲೀಕ ಮುರಳಿಕೃಷ್ಣ ಕೃಷ್ಣಗಿರಿಯಲ್ಲಿ ಮಾವಿನ ತಿರುಳು ಡಬ್ಬಿಗೆ ತುಂಬುವ ಫ್ಯಾಕ್ಟರಿ ಇಟ್ಟವನು. ಏರ್ಕಾಡಿನ ಒಂದು ತೋಟದ ಮನೆಯಲ್ಲಿ ಕೋಳಿಗಳು ಕಾವು ಕೂತಿದ್ದ ಈ ಕಾರನ್ನು ಕಂಡು ಮರುಳಾಗಿ ಕೊಂಡುತಂದಿದ್ದ. ಮಾವಿನ ಕಾಲ ಶುರುವಾದರೆ ತನಗೆ ಉಸಿರಾಡಲೂ ಬಿಡುವಿರುವುದಿಲ್ಲ, ಅದಕ್ಕೆ ಮುಂಚೆ ಹೆಂಡತಿಯನ್ನು ಕೂರಿಸಿಕೊಂಡು ಹೈವೇಯಲ್ಲಿ ಒಂದು ಸುತ್ತು ಹೋಗಬೇಕು ಎನ್ನುವುದು ಅವನ ಆಸೆ.

ಎಂಜಿನ್ನು, ಬಣ್ಣ, ಸೀಟು ಯಾವುದಕ್ಕೂ ಚರ್ಚೆಯಾಗಲಿಲ್ಲ. ಚರ್ಚೆಯಾದದ್ದು ಚಕ್ರಕ್ಕೆ. ಯಾವುದೋ ವ್ಯಾನಿನ ಚಕ್ರಗಳಿಗೆ ತೂತು ಕೊರೆದು ಕೂರಿಸಿದ್ದರು. ಆ ಪುಟ್ಟ ಕಾರು ಅಪ್ಪನ ಬೂಟು ಹಾಕಿಕೊಂಡ ಮಗುವಿನ ಹಾಗೆ ಕಾಣುತ್ತಿತ್ತು. ಈ ಕಾರಿಗೆ ಕಂಪನಿಯವರೇ ಎರಡು ಥರದ ಚಕ್ರ ಕೊಡುತ್ತಿದ್ದರಂತೆ. ಒಂದು ಇಡೀ ಕಬ್ಬಿಣದ ತಗಡಿನದು, ಅದನ್ನು ಶೆಡ್ಡಿನಲ್ಲಿ ಪ್ಲೇಟ್ ಚಕ್ರ ಅನ್ನುತ್ತಿದ್ದರು. ಇನ್ನೊಂದು ಸೈಕಲ್ಲಿನದರ ಹಾಗೆ ಕಡ್ಡಿ ಕಟ್ಟಿದ್ದು. ಎರಡರಲ್ಲಿ ಯಾವುದು ಹಾಕಿದರೂ ತಪ್ಪಿಲ್ಲ. ಗೋಪಿ ಪ್ಲೇಟ್ ಚಕ್ರದ ಕಡೆಗಿದ್ದ. ನಮ್ಮ ರಸ್ತೆಗೆ ಅದೇ ಸರಿ, ತೊಳೆಯೋದು ಸುಲಭ, ಕಡ್ಡಿ ಚಕ್ರ ಕಟ್ಟುವವರನ್ನು ಎಲ್ಲಿಂದ ಹುಡುಕೋಣ ಎಂದು ಅವನ ವಾದ. ಮುರಳಿಕೃಷ್ಣ ಮೊಬೈಲಿನಲ್ಲಿ ಎರಡೂ ಚಿತ್ರಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತ ನಿಟ್ಟುಸಿರು ಬಿಡುತ್ತಿದ್ದ. ಮನಸ್ಸು ಕಡ್ಡಿಯ ಮೇಲಿತ್ತು.

ಅಶ್ವತ್ಥಪ್ಪ ಕಾಂಪೌಂಡಿನ ಗೋಡೆಯ ಮೇಲೆ ಕೂತಿದ್ದವನು ಎದ್ದು ಬಂದು ಆ ಮೊಬೈಲನ್ನು ಕೈಗೆ ತೆಗೆದುಕೊಂಡ. ಯಾರೂ ಅವನನ್ನು ಕರೆದಿರಲಿಲ್ಲ. ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ.

“ಕಡ್ಡೀದೇ ಹಾಕ್ಸಿ ಸಾರ್. ನಾನು ಕಟ್ಕೊಡ್ತೀನಿ.”

“ಅಪ್ಪಾ, ಇದು ಸೈಕಲ್ ಅಲ್ಲ,” ಎಂದ ಗೋಪಿ. ಅಶ್ವತ್ಥಪ್ಪ ಚಿತ್ರದಿಂದ ತಲೆ ಎತ್ತಲಿಲ್ಲ. ಮುರಳಿಕೃಷ್ಣನಿಗಂತೂ ಬೇಕಾದದ್ದೂ ಅದೇ. ಪೆದ್ದಾಯನ ಹೇಳಿಬಿಟ್ಟರಲ್ಲ, ಮುಗಿಯಿತು ಎಂದು ತೆಲುಗಿನಲ್ಲಿ ಸಂತೋಷಪಟ್ಟು ಹೊರಟುಹೋದ. ಹಿರಿಯರನ್ನು ಅವನು ಕರೆಯುವುದೇ ಹಾಗೆ, ಪೆದ್ದಾಯನ ಅಂತ.

ಅವತ್ತು ಊಟದಲ್ಲಿ ಜಗಳವಾಯಿತು. ಓನರ್ ಮುಂದೆ ನನ್ನ ಮಾತಿಗೆ ಬೆಲೆಯಿಲ್ಲದ ಹಾಗೆ ಮಾಡಿದ ಎಂದು ಗೋಪಿ, ಸಾರಿನ ಪಾತ್ರೆ ಕುಟ್ಟಿ ಇಡುತ್ತ ಪಿಳ್ಳಮ್ಮ, ಯಾರ ಕಡೆಯೂ ನೋಡದೆ ಮಗಳಿಗೆ ಅನ್ನ ಕಲಸುತ್ತ ಭಾನು. ಜಗಳಕ್ಕೆ ಕಾರಣನಾದವನು ತಟ್ಟೆಯ ಮುಂದೆ ಒಬ್ಬನೇ ನಗುತ್ತಿದ್ದ.

“ಅಂಗಡಿ ಮುಚ್ಚಿದ ಮ್ಯಾಲೆ ನಿಮ್ಮಪ್ಪ ಬಾಯ್ಬುಟ್ಟು ಕೇಳಿರೋದು ಇದೊಂದೇ ಕಣ್ಲಾ,” ಎಂದಳು ಪಿಳ್ಳಮ್ಮ. “ಕೊಡ್ಲಾ. ನಿನ್ ಗಂಟೇನು ಹೋಗ್ತದೆ?”

ಗೋಪಿ ಕೊಟ್ಟ. ಅವನು ಕೆಟ್ಟವನಲ್ಲ, ಅವಸರದವನು. ಅಪ್ಪನ ಮುಖದಲ್ಲಿ ಆ ನಗು ನೋಡಿ ಎಷ್ಟೋ ಕಾಲವಾಗಿತ್ತು ಎಂಬುದು ಅವನಿಗೂ ಹೊಳೆದಿತ್ತು.

ಚಕ್ರದ ಹೊರಸುತ್ತಿನ ಬಳೆ, ನಡುವಿನ ಗುಂಬ, ಕಡ್ಡಿಗಳು ಬಂದು ಇಳಿದ ದಿನದಿಂದ ಮನೆಯ ಗಾಳಿಯೇ ಬೇರೆಯಾಯಿತು. ಅಶ್ವತ್ಥಪ್ಪ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಸ್ನಾನ ಮಾಡಿ, ಟ್ರಂಕಿನ ತಳದಿಂದ ತೆಗೆದ ಖಾಕಿ ಅಂಗಿ ತೊಟ್ಟು ಶೆಡ್ಡಿಗೆ ಹೋಗತೊಡಗಿದ. ಹಳೆಯ ಕಬ್ಬಿಣದ ತುಂಡುಗಳನ್ನು ಬೆಸುಗೆ ಹಾಕಿಸಿ ಚಕ್ರ ತಿರುಗಿಸಲು ನಿಲುವು ಮಾಡಿಸಿಕೊಂಡ. ಗುಂಬಕ್ಕೆ ಕಡ್ಡಿ ಪೋಣಿಸಿ, ಬಳೆಗೆ ಎಳೆದು, ತಿರುಪು ಹಾಕಿ, ಚಕ್ರ ತಿರುಗಿಸಿ, ಪಕ್ಕದಲ್ಲಿ ಸೀಮೆಸುಣ್ಣ ಹಿಡಿದು ಎಲ್ಲಿ ತಾಗುತ್ತದೆ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ತಾಗಿದ ಕಡೆ ಬಿಗಿ ಮಾಡುವುದು, ಎದುರಿನದು ಸಡಿಲ ಮಾಡುವುದು. ಮಧ್ಯಾಹ್ನದ ಊಟ ಅಲ್ಲಿಗೇ ಹೋಗುತ್ತಿತ್ತು. ತಟ್ಟೆ ಖಾಲಿಯಾಗಿ ವಾಪಸು ಬರುತ್ತಿತ್ತು. ಅದನ್ನು ಪಿಳ್ಳಮ್ಮ ದೇವರ ಪ್ರಸಾದದ ಹಾಗೆ ಎಲ್ಲರಿಗೂ ತೋರಿಸಿ ತೊಳೆಯಲು ಹಾಕುತ್ತಿದ್ದಳು.

ಭಾನು ಒಂದು ಫ್ಯಾಕ್ಟರಿಯಲ್ಲಿ ಫಸ್ಟ್ ಶಿಫ್ಟ್ ಮುಗಿಸಿ ಬಂದವಳು ಸಂಜೆಯ ಟೀ ಶೆಡ್ಡಿಗೆ ಒಯ್ಯುವುದು ರೂಢಿಯಾಯಿತು. ಮೊದಲ ದಿನ ಲೋಟ ಇಟ್ಟು ತಿರುಗಿದವಳನ್ನು ಮಾವ, ಕೂತ್ಕೊ ಭಾನಮ್ಮ ಎಂದ. ಮದುವೆಯಾಗಿ ಬಂದ ಮೇಲೆ ಅವಳ ಹೆಸರು ಹಿಡಿದು ಅವನು ಕರೆದದ್ದು ಅದೇ ಮೊದಲು. ಅವಳು ಕೂತಳು. ಮಾತೆಲ್ಲ ಅವನದೇ, ಕೇಳುವ ಕೆಲಸ ಇವಳದು. ಕೆಲಮಂಗಲದಲ್ಲಿ ಹಾಲಿನವರ ಸೈಕಲ್ಲುಗಳಿಗೆ ತಾನು ಕಟ್ಟಿದ ಚಕ್ರಗಳು ಎಂಥ ಭಾರ ಹೊತ್ತವು, ತನ್ನನ್ನು ಊರಿನವರು ಚಕ್ರದ ಅಶ್ವತ್ಥಪ್ಪ ಎಂದೇ ಕರೆಯುತ್ತಿದ್ದರು, ಸೇಂದಿ ಕುಡಿದು ಹಳ್ಳಕ್ಕೆ ಬಿದ್ದವನ ಚಕ್ರವನ್ನು ಹೇಗೆ ನೆಟ್ಟಗೆ ಮಾಡಿದೆ ಎಂದು ಹೇಳುತ್ತಿದ್ದ. ಕಡ್ಡಿಗಳೆಲ್ಲ ಒಂದೇ ಬಿಗಿಯಲ್ಲಿ ಇವೆಯೇ ಎಂದು ತಿಳಿಯಲು ಮೀಟಿ ನೋಡಬೇಕಂತೆ. ಎಲ್ಲದರಿಂದಲೂ ಒಂದೇ ನಾದ ಬರಬೇಕಂತೆ.

“ನೆಟ್ಟಗೈತಾ ಅಂತ ಕಣ್ಣು ಹೇಳ್ತದೆ. ಗಟ್ಟಿಯಾಗೈತಾ ಅಂತ ಕಿವೀನೇ ಹೇಳ್ಬೇಕು. ಕಣ್ಣಿಗೆ ಮೋಸ ಮಾಡ್ಬೋದು ಭಾನಮ್ಮ, ಕಿವಿಗೆ ಆಗಾಕಿಲ್ಲ.”

ಭಾನುಗೆ ಇದು ಬಲು ಇಷ್ಟವಾಯಿತು, ಏಕೆಂದರೆ ಅವಳ ಕೆಲಸವೂ ಅದೇ ಜಾತಿಯದು. ಎರಕ ಹೊಯ್ದ ಬಿಡಿಭಾಗಗಳನ್ನು ಸಣ್ಣ ಸುತ್ತಿಗೆಯಲ್ಲಿ ತಟ್ಟಿ ನೋಡುವ ವಿಭಾಗದಲ್ಲಿ ಅವಳಿದ್ದಳು. ಒಳಗೆ ಬಿರುಕಿಲ್ಲದ್ದು ಗಂಟೆಯ ಹಾಗೆ ನುಡಿಯುತ್ತದೆ, ಬಿರುಕಿದ್ದದ್ದು ಠಪ್ ಎನ್ನುತ್ತದೆ. ಅದನ್ನು ಮಾವನಿಗೆ ಹೇಳಿದಳು. ಅವನು ಅವಳ ಮುಖವನ್ನೇ ನೋಡುತ್ತ ತಲೆದೂಗಿದ. ಆಮೇಲೆ ಅವಳು ಟೀ ಜೊತೆಗೆ ನಿಪ್ಪಟ್ಟನ್ನೂ ತರತೊಡಗಿದಳು. ಮಾವ ಈಗ ಎಷ್ಟೋ ವಾಸಿ, ನನ್ನ ಮೇಲಿನ ಕೋಪ ಇಳಿದಿದೆ ಎಂದು ತವರಿಗೆ ಫೋನು ಮಾಡಿ ಹೇಳಿದಳು. ಹೇಳುವಾಗ ಅತ್ತಳು ಕೂಡ.

ಫಾಲ್ಗುಣದ ಬಿಸಿಲು ಏರುತ್ತಿದ್ದ ಒಂದು ಸಂಜೆ ಅವಳು ಶೆಡ್ಡಿಗೆ ಹೋದಾಗ ಮೂರು ಚಕ್ರ ಮುಗಿದು ಗೋಡೆಗೆ ಒರಗಿದ್ದವು. ನಾಲ್ಕನೆಯದು ನಿಲುವಿನ ಮೇಲಿತ್ತು. ಮಾವ ಅವಳಿಗೆ ಬೆನ್ನು ಹಾಕಿ ಸೀಮೆಸುಣ್ಣ ಹಿಡಿದು ಕೂತಿದ್ದ. ಮುಗಿದ ಚಕ್ರಗಳನ್ನು ನೋಡಿ ಅವಳಿಗೆ ಹೆಮ್ಮೆಯಾಯಿತು. ಗೋಪಿಯೂ ಹಿಂದಿನ ದಿನ ಅವುಗಳನ್ನು ತಿರುಗಿಸಿ ನೋಡಿ, ಕೂದಲೆಳೆಯಷ್ಟೂ ಆಚೀಚೆ ಇಲ್ಲ, ಅಪ್ಪನ ಕೈ ಕೈಯೇ ಎಂದಿದ್ದ. ಭಾನು ಲೋಟ ಕೆಳಗಿಟ್ಟು, ಕೆಲಸದ ಅಭ್ಯಾಸದಿಂದ ಅಲ್ಲೇ ಬಿದ್ದಿದ್ದ ಒಂದು ಸ್ಪ್ಯಾನರ್ ಎತ್ತಿಕೊಂಡು ಕಡ್ಡಿಗಳ ಮೇಲೆ ಆಡಿಸಿದಳು.

ಒಂದು ಕಡ್ಡಿ ಕಿರುಚಿತು. ಅದರ ಪಕ್ಕದ್ದು ನೆನೆದ ಸೌದೆಯ ಹಾಗೆ ಸತ್ತ ಸದ್ದು ಮಾಡಿತು. ಮುಂದಿನದು ಇನ್ನೊಂದು ಥರ. ಅವಳು ಎರಡನೆಯ ಚಕ್ರ ತಟ್ಟಿದಳು, ಮೂರನೆಯದನ್ನೂ ತಟ್ಟಿದಳು. ಒಂದರ ನಾದ ಇನ್ನೊಂದಕ್ಕಿಲ್ಲ. ಕಣ್ಣಿಗೆ ನೆಟ್ಟಗಿದ್ದ ಆ ಚಕ್ರಗಳಲ್ಲಿ ಕೆಲವು ಕಡ್ಡಿಗಳು ಹರಿಯುವಷ್ಟು ಬಿಗಿಯಾಗಿದ್ದವು, ಕೆಲವಕ್ಕೆ ಬಿಗಿಯೇ ಇರಲಿಲ್ಲ. ಇಂಥ ಚಕ್ರ ರಸ್ತೆಯಲ್ಲಿ ಓಡಿದರೆ ಬಿಗಿಯಾದವು ಒಂದೊಂದಾಗಿ ಮುರಿಯುತ್ತವೆ ಎಂದು ಅವಳಿಗೆ ಮಾವನೇ ಹೇಳಿಕೊಟ್ಟಿದ್ದ.

“ಮಾವ,” ಎಂದಳು. ಅವನು ತಿರುಗಲಿಲ್ಲ. ಇನ್ನೂ ಜೋರಾಗಿ ಕರೆದಳು. ಅವನ ಬೆನ್ನು ಅಲುಗಲಿಲ್ಲ. ಕೈಯಲ್ಲಿದ್ದ ಸ್ಪ್ಯಾನರನ್ನು ತಗಡಿನ ಡಬ್ಬಿಯೊಳಕ್ಕೆ ಬಿಸಾಡಿದಳು. ಪಕ್ಕದ ಮನೆಯ ನಾಯಿ ಬೊಗಳಿತು, ಮಾವ ಸೀಮೆಸುಣ್ಣ ಸ್ವಲ್ಪ ಮುಂದೆ ಸರಿಸಿದ.

ಭಾನು ಸುತ್ತಿ ಎದುರಿಗೆ ಹೋದಳು. ಅವಳನ್ನು ಕಂಡು ಅವನ ಮುಖ ಅರಳಿತು, ಟೀ ತಂದ್ಯಾ ಎಂದ. ಅವಳು ಬೆವರು ಒರೆಸಿಕೊಳ್ಳುವವಳ ಹಾಗೆ ವೇಲಿನ ಅಂಚಿನಿಂದ ಬಾಯಿ ಮುಚ್ಚಿಕೊಂಡು, ಸ್ಪಷ್ಟವಾದ ಕನ್ನಡದಲ್ಲಿ, ಸಕ್ಕರೆ ಸಾಕಾ ಮಾವ ಎಂದು ಕೇಳಿದಳು.

ಅವನು ಅಕ್ಕರೆಯಿಂದ ನಕ್ಕ. “ನಿನ್ನ ತೆಲುಗು ನಂಗೆ ತಿಳಿಯಾಕಿಲ್ಲ ಕಣಮ್ಮ.”

ಭಾನುಗೆ ಎಲ್ಲ ಹೊಳೆಯಿತು. ಇಷ್ಟು ದಿನ ತಾನು ಎದೆಯಲ್ಲಿ ಸಾಕಿಕೊಂಡಿದ್ದ ದ್ವೇಷಕ್ಕೆ ಬುಡವೇ ಇರಲಿಲ್ಲ ಎಂಬ ನಾಚಿಕೆ ಒಂದು ಕಡೆ, ಈ ಮನುಷ್ಯ ಒಬ್ಬನೇ ಎಷ್ಟು ಕಷ್ಟಪಟ್ಟಿರಬೇಕು ಎಂಬ ಸಂಕಟ ಇನ್ನೊಂದು ಕಡೆ. ಅವನು ಟೀ ಕುಡಿಯುವವರೆಗೂ ಅಲ್ಲೇ ನಿಂತಿದ್ದು, ಖಾಲಿ ಲೋಟ ತೆಗೆದುಕೊಂಡು ಅಡಿಗೆಮನೆಗೆ ಹೋದಳು.

ಪಿಳ್ಳಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಮಾವನಿಗೆ ಕಿವಿ ಕೇಳಿಸೋದಿಲ್ಲ ಅಲ್ಲವಾ ಅತ್ತೆ ಎಂದು ಭಾನು ಕೇಳಿದಾಗ ಅವಳ ಕೈ ನಿಂತಿತು. ಎದ್ದು ಹೋಗಿ ಬಾಗಿಲು ಮುಂದಕ್ಕೆ ಮಾಡಿ ಬಂದು ಕೂತಳು. ಆಮೇಲೆ, ಇಡೀ ಬೀದಿಗೆ ಕೇಳುವಂತೆ ಮಾತನಾಡುವ ಆ ಹೆಂಗಸು ಪಿಸುಮಾತಿನಲ್ಲಿ ಎಲ್ಲವನ್ನೂ ಹೇಳಿದಳು. ಅಂಗಡಿ ಮುಚ್ಚಿದ್ದು ಸೈಕಲ್ ಕಡಿಮೆಯಾದವು ಎಂದಲ್ಲ, ಕಡ್ಡಿಯ ನಾದ ಕೇಳದಾಗಿ. ಕೃಷ್ಣಗಿರಿಗೆ ಕರೆದುಕೊಂಡು ಹೋಗಿ ಕಿವಿಯ ಮಿಷನ್ ಹಾಕಿಸಿದ್ದಳು. ಹಾಕಿದರೆ ತಲೆಯೊಳಗೆ ಮಿಕ್ಸಿ ಓಡಿದ ಹಾಗಾಗುತ್ತದೆ ಎಂದು ಅವನು ಅದನ್ನು ಕಿತ್ತಿಟ್ಟ. ಮಗನಿಗೂ ಹೇಳಬಾರದೆಂದು ಅವಳಿಂದ ಆಣೆ ಮಾಡಿಸಿಕೊಂಡಿದ್ದ.

ಭಾನುಗೆ ಅರ್ಥವಾಗದಿದ್ದದ್ದು ಈ ಗುಟ್ಟು ಯಾಕೆ ಎಂಬುದು. ವಯಸ್ಸಾದವರಿಗೆ ಕಿವಿ ಮಂದವಾಗುವುದು ಲೋಕದಲ್ಲಿ ಇಲ್ಲದ್ದೇನಲ್ಲ.

“ನಮ್ಮ ಮಾವನ ಹೆಸರು ಮುನಿಯಲ್ಲಪ್ಪ ಅಂತ ನಿಂಗೆ ಗೊತ್ತೈತೆ,” ಎಂದಳು ಪಿಳ್ಳಮ್ಮ. “ಊರಾಗೆ ಯಾರೂ ಆ ಹೆಸರು ಹಿಡಿದು ಕರೀತಿರ್ಲಿಲ್ಲ. ಕೆವುಡ ಅಂತಿದ್ರು. ಈ ಮನೆ ಕೆವುಡನ ಮನೆ, ಇವ್ರು ಕೆವುಡನ ಮಗ. ದಾಯಾದಿಗಳು ಜಗುಲಿ ಮ್ಯಾಗೆ ಅವ್ರ ಮುಂದೇನೇ ಕೂತ್ಕಂಡು, ಯಾವ ಹೊಲ ಹೆಂಗೆ ಹೊಡ್ಕಳಾದು ಅಂತ ಮಾತಾಡಿದ್ರಂತೆ. ಮಾವ ಎಲ್ರ ಮಕ ನೋಡ್ಕಂಡು ನಗ್ತಾ ಕೂತಿದ್ರಂತೆ. ಇವ್ರು ಚಿಕ್ಕ ಹುಡುಗ, ಪಕ್ಕದಾಗೆ ನಿಂತು ಎಲ್ಲಾ ಕೇಳ್ಸ್ಕಂಡ್ರಂತೆ. ಆ ನಗೂನ ಇವ್ರು ಮರ್ತಿಲ್ಲ ಕಣವ್ವ. ಕೆವುಡ ಅನ್ನಿಸ್ಕಳಾಕಿಂತ ಜಗಳಗಂಟ ಅನ್ನಿಸ್ಕಳ್ತೀನಿ ಅಂದ್ಬುಟ್ರು.”

ಚಕ್ರ ಕಟ್ಟಲು ಹೊರಟಾಗಲೂ ಅವಳಿಗೆ ಭಯವಿತ್ತು. ಕೈಗೆ ನೆನಪಿರುತ್ತದೆ ಎಂದುಕೊಂಡೆ ಎಂದು ಅತ್ತಳು. ಗೋಪಿಗೆ ಹೇಳಬೇಡ ಎಂದು ಸೊಸೆಯ ಕೈ ಹಿಡಿದಳು. ಭಾನು ಆಗಲಿ ಎಂದಳು.

ಆ ಮಾತನ್ನು ಅವಳು ಉಳಿಸಿಕೊಳ್ಳಲಾಗಲಿಲ್ಲ. ಮುರಳಿಕೃಷ್ಣನ ಫೋನು ಬಂತು. ಈ ಭಾನುವಾರ ಬರುತ್ತೇನೆ, ಚಕ್ರ ಕೂರಿಸಿದರೆ ಮುಂದಿನ ವಾರವೇ ಹೆಂಡತಿಯೊಂದಿಗೆ ಹೈವೇಗೆ ಎಂದ. ಒಡೆದ ಎರಕವನ್ನು ಸರಿಯಿದೆ ಎಂದು ಮುದ್ರೆ ಒತ್ತಿ ಕಳಿಸಿದ ಹಾಗಾಗುತ್ತದೆ ಎಂದು ಭಾನುಗೆ ಅನ್ನಿಸಿತು. ಮಾರನೆಯ ದಿನ, ಮಾವ ಕ್ಷೌರಕ್ಕೆ ಹೋದ ಹೊತ್ತು ನೋಡಿ, ಗಂಡನನ್ನು ಶೆಡ್ಡಿಗೆ ಕರೆದು ಸ್ಪ್ಯಾನರ್ ಕೈಗೆ ಕೊಟ್ಟಳು.

ಗೋಪಿ ತಟ್ಟಿದ, ಮತ್ತೆ ತಟ್ಟಿದ. ಅವಳು ಮಿಕ್ಕದ್ದನ್ನು ಹೇಳಿದಳು. ಅವನಿಗೆ ಮೊದಲು ಬಂದದ್ದು ಸಿಟ್ಟು, ಇಷ್ಟು ದಿನ ನಮ್ಮನ್ನೆಲ್ಲ ಮಂಗ ಮಾಡಿದ್ದಾನೆ ಎಂದು. ಆಮೇಲೆ ಬಂದದ್ದು ಸಿಟ್ಟಲ್ಲ. ಅವನು ಕಾರಿನ ಮೂತಿಯ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅಷ್ಟರಲ್ಲಿ ಪಿಳ್ಳಮ್ಮನೂ ಬಂದಳು, ಸೊಸೆಯ ಕಡೆ ಒಂದು ಸಲ ನೋಡಿದಳು.

ಭಾನು ಒಂದು ದಾರಿ ಯೋಚಿಸಿಕೊಂಡೇ ಬಂದಿದ್ದಳು. “ಎದುರಿಗೆ ಕೂತು ಅವ್ರಿಗೇ ಹೇಳೋಣ. ನಾನು ಒಂದೊಂದೇ ಕಡ್ಡಿ ತಟ್ತೀನಿ. ಬಿಗಿಯಾಗಿದ್ರೆ ಬೆರಳು ಮೇಲೆ, ಸಡಿಲ ಇದ್ರೆ ಬೆರಳು ಕೆಳಗೆ. ತಿರುಗ್ಸೋದು ಅವ್ರೇ ತಿರುಗ್ಸಲಿ. ಕಿವಿ ನಂದು, ಕೈ ಅವ್ರದು. ಶಿಫ್ಟ್ ಮುಗಿಸಿ ಬಂದು ದಿನಾ ಕೂರ್ತೀನಿ. ಚಕ್ರ ಅವ್ರು ಕಟ್ಟಿದ್ದೇ ಆಗ್ತದೆ.”

“ಸೊಸೆ ಕೈಲಿ ಕೆವುಡ ಅನ್ನಿಸ್ಕಳಾದಾ?” ಎಂದ ಗೋಪಿ. “ಅಪ್ಪ ಅವತ್ತೇ ಸತ್ತೋಗ್ತಾನೆ. ಬ್ಯಾಡ.”

ಪಿಳ್ಳಮ್ಮ ಮಗನ ಕಡೆ ನಿಂತಳು. ಓನರ್ ಮನಸ್ಸು ಬದಲಾಯಿಸಿದ, ಅವನಿಗೆ ಪ್ಲೇಟ್ ಚಕ್ರವೇ ಬೇಕಂತೆ ಎಂದು ಹೇಳಿಬಿಡುವುದು, ಅದರಲ್ಲಿ ಯಾರ ಮಾನವೂ ಹೋಗುವುದಿಲ್ಲ ಎಂದು ತಾಯಿ ಮಗ ಸೇರಿ ಗೊತ್ತುಮಾಡಿದರು. ಭಾನು ಇನ್ನೊಂದು ಸಲ ಹೇಳಿ ನೋಡಿದಳು. ನಿಂಗೆ ನಮ್ಮಪ್ಪನ್ನ ಗೊತ್ತಿಲ್ಲ ಎಂದ ಗಂಡ. ನಿಜವಿರಬಹುದು ಎಂದುಕೊಂಡು ಅವಳು ಸುಮ್ಮನಾದಳು. ಹಾಗೆ ಸುಮ್ಮನಾದದ್ದಕ್ಕೆ ಅವಳು ಬಹಳ ಕಾಲ ತನ್ನನ್ನು ತಾನು ಬೈದುಕೊಂಡಳು.

ಭಾನುವಾರ ಅಶ್ವತ್ಥಪ್ಪ ಮಗನ ಮದುವೆಗೆ ಹೊಲಿಸಿದ್ದ ಬಿಳಿ ಅಂಗಿ ತೊಟ್ಟಿದ್ದ. ನಾಲ್ಕು ಚಕ್ರಗಳನ್ನೂ ಬನಿಯನ್ ಬಟ್ಟೆಯಲ್ಲಿ ಒರೆಸಿ, ಬಿಸಿಲು ಬೀಳುವ ಕಡೆ ಸಾಲಾಗಿ ನಿಲ್ಲಿಸಿದ್ದ. ಮುರಳಿಕೃಷ್ಣ ಬರುವ ಮುಂಚೆಯೇ ಗೋಪಿ ಅಪ್ಪನ ಎದುರಿಗೆ ನಿಂತು, ತುಟಿಯನ್ನು ಅಗತ್ಯಕ್ಕಿಂತ ಹೆಚ್ಚು ಆಡಿಸುತ್ತ, ಓನರ್ರಿಗೆ ಪ್ಲೇಟ್ ಚಕ್ರವೇ ಬೇಕಂತೆ, ಮನಸ್ಸು ಬದಲಾಯಿತಂತೆ ಎಂದು ಹೇಳಿದ. ಅಶ್ವತ್ಥಪ್ಪ ಮಗನನ್ನು ನೋಡಿದ. ಆಗಲಿ, ದುಡ್ಡು ಅವರದು, ಕಾರು ಅವರದು ಎಂದ. ಆದರೂ ಒಳಗೆ ಹೋಗಲಿಲ್ಲ. ಬಂದವರು ಒಂದು ಸಲ ಕಣ್ಣಿಂದ ನೋಡಲಿ ಎಂದು ಚಕ್ರಗಳ ಪಕ್ಕದಲ್ಲೇ ನಿಂತ.

ಗೋಪಿ ಮುರಳಿಕೃಷ್ಣನಿಗೆ ಫೋನಿನಲ್ಲಿ ಕಡ್ಡಿ ಚಕ್ರ ಬೇಡ ಎಂದಷ್ಟೇ ಹೇಳಿದ್ದ, ಕಾರಣ ಹೇಳಿರಲಿಲ್ಲ. ಬಂದವನು ಚಕ್ರ ನೋಡಿ ಬೆರಗಾದ. ಇಷ್ಟು ಚೆನ್ನಾಗಿವೆಯಲ್ಲ, ಯಾಕೆ ಬೇಡ ಎಂದು ತೆಲುಗಿನಲ್ಲಿ ಕೇಳಿದ. ಅಶ್ವತ್ಥಪ್ಪ ಒಂದು ಮಾರು ದೂರದಲ್ಲಿದ್ದ. ಗೋಪಿ ಅವನ ಕಡೆ ಒಮ್ಮೆ ನೋಡಿದ. ಹೋದ ವಾರವಾಗಿದ್ದರೆ ಓನರ್ರನ್ನು ಆಚೆಗೆ ಕರೆದುಕೊಂಡು ಹೋಗುತ್ತಿದ್ದನೋ, ದನಿ ತಗ್ಗಿಸುತ್ತಿದ್ದನೋ. ಈಗ ಅದರ ಅಗತ್ಯವಿಲ್ಲ ಎಂದು ಅವನಿಗೆ ಗೊತ್ತಿತ್ತು. ನಿಂತಲ್ಲೇ ನಿಂತು, ಇದ್ದ ದನಿಯಲ್ಲೇ, ಎಲ್ಲವನ್ನೂ ಹೇಳಿದ.

“ಅಯ್ಯೋ, ಪೆದ್ದಾಯನಕಿ ಚೆವುಡಾ?” ಎಂದ ಮುರಳಿಕೃಷ್ಣ. ಒಳ್ಳೆಯ ಮನುಷ್ಯ, ನಿಜವಾಗಿ ಮರುಕಪಟ್ಟೇ ಹಾಗೆ ಅಂದ.

ಈ ಸೀಮೆಯ ಕನ್ನಡದಲ್ಲಿ ಕೆವುಡು, ತೆಲುಗಿನಲ್ಲಿ ಚೆವುಡು, ತಮಿಳಿನಲ್ಲಿ ಸೆವುಡು. ಮೂರು ಭಾಷೆಯಲ್ಲೂ ಆ ಮಾತಿಗೆ ತುಟಿ ಆಡುವುದು ಒಂದೇ ಥರ. ಕಿವಿಯನ್ನು ನೆಚ್ಚುವುದು ಬಿಟ್ಟು ಜನರ ಬಾಯಿ ನೋಡಿಯೇ ದಿನ ತಳ್ಳಿದವನಿಗೆ ಆ ಮಾತನ್ನು ತಿಳಿಯಲು ಯಾವ ಭಾಷೆಯೂ ಅಡ್ಡ ಬರಲಿಲ್ಲ. ಅಶ್ವತ್ಥಪ್ಪ ಓನರ್ ಮುಖ ನೋಡಿದ, ಮಗನ ಮುಖ ನೋಡಿದ. ಇಬ್ಬರನ್ನೂ ನೋಡಿ ನಕ್ಕ. ಅಡಿಗೆಮನೆಯ ಬಾಗಿಲಲ್ಲಿ ಕಾಫಿ ಲೋಟಗಳನ್ನು ಹಿಡಿದು ನಿಂತಿದ್ದ ಭಾನುಗೆ ಆ ನಗು ಕಾಣಿಸಿತು, ಅದು ಯಾರ ನಗು ಎಂದೂ ತಿಳಿಯಿತು. ಅವಳ ಹಿಂದೆ ನಿಂತಿದ್ದ ಪಿಳ್ಳಮ್ಮ ಮುಖ ತಿರುಗಿಸಿಕೊಂಡು ಒಳಗೆ ಹೋದಳು.

ಪ್ಲೇಟ್ ಚಕ್ರಗಳೇ ಎಂದು ತೀರ್ಮಾನವಾಯಿತು. ಬೆಳ್ಳಿ ಬಣ್ಣವೋ ಬಿಳಿಯೋ ಎಂದು ಅವರಿಬ್ಬರೂ ಇನ್ನಷ್ಟು ಹೊತ್ತು ಮಾತನಾಡಿ ಬೆಳ್ಳಿಯೇ ಇರಲಿ ಎಂದರು. ಮುರಳಿಕೃಷ್ಣ ಹೊರಡುವಾಗ ಅಶ್ವತ್ಥಪ್ಪನ ಎರಡೂ ಕೈ ಹಿಡಿದುಕೊಂಡು, ಎಳೆ ಮಕ್ಕಳ ಹತ್ತಿರ ಮಾತನಾಡುವ ಹಾಗೆ ಬಾಯಿ ದೊಡ್ಡದು ಮಾಡಿ, ಚಾಲಾ ಬಾಗುಂದಿ ಎಂದು ಹೊಗಳಿದ. ಅಶ್ವತ್ಥಪ್ಪ ಕೈ ಮುಗಿದ.

ಮಾರನೆಯ ದಿನ ಬೆಳಿಗ್ಗೆ ಅವನು ಖಾಕಿ ಅಂಗಿ ತೊಟ್ಟು ಎಂದಿನಂತೆ ಶೆಡ್ಡಿಗೆ ಹೋದ. ಚಕ್ರಗಳನ್ನು ಒಂದೊಂದಾಗಿ ನಿಲುವಿಗೆ ಏರಿಸಿ, ಕಡ್ಡಿಗಳ ತಿರುಪು ಬಿಚ್ಚತೊಡಗಿದ. ಕಟ್ಟುವಾಗ ಇದ್ದಷ್ಟೇ ತಾಳ್ಮೆಯಿಂದ ಬಿಚ್ಚಿದ. ಗೋಪಿ ಬಂದು ಕೈ ಅಡ್ಡ ಹಿಡಿದು, ಇರಲಿ ಬಿಡಪ್ಪ, ಹಾಗೇ ಇಟ್ಟಿರೋಣ ಎಂದ. ಅಪ್ಪ ಅವನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

“ಗೊತ್ತಿಲ್ಲದೋರು ಯಾರಾರ ತಗಂಡೋಗಿ ಗಾಡಿಗೆ ಹಾಕ್ಬುಟ್ರೆ? ಬ್ಯಾಡ ಕಣ್ಲಾ. ಪಾಪ.”

ಗೋಪಿ ಅಲ್ಲಿ ನಿಲ್ಲಲಾರದೆ ಗೇಟಿನಾಚೆ ಹೋಗಿ ಅತ್ತ. ಅಪ್ಪನಿಗೆ ಎಲ್ಲ ಗೊತ್ತಾಗಿದೆ, ತಾನು ಸುಳ್ಳು ಹೇಳಿದ್ದೂ ಗೊತ್ತಾಗಿದೆ ಎಂದು ಅವನಿಗೆ ಆಗ ತಿಳಿಯಿತು. ಭಾನು ರಜೆ ಹಾಕಿ ಮನೆಯಲ್ಲೇ ಇದ್ದಳು. ಟೀ ಒಯ್ದಳು. ಮಾವ ಲೋಟ ತೆಗೆದುಕೊಂಡ, ಕೂತ್ಕೊ ಎನ್ನಲಿಲ್ಲ. ಅವಳು ಬೆರಳು ಮೇಲೆ ಕೆಳಗೆ ಮಾಡಿ ತೋರಿಸಬೇಕು, ಈಗಲೂ ಕಟ್ಟೋಣ ಮಾವ ಎನ್ನಬೇಕು ಎಂದು ನಿಂತೇ ಇದ್ದಳು. ಅವನು ಕಡ್ಡಿಗಳಿಗೆ ಎಣ್ಣೆ ಸವರಿ, ಕಟ್ಟು ಕಟ್ಟಿ, ಮೂಟೆಗೆ ತುಂಬಿ ಮೂಲೆಗೆ ಇಟ್ಟ. ಅವಳ ಕಡೆ ತಿರುಗಲಿಲ್ಲ.

ಯುಗಾದಿಗೆ ಮುಂಚೆ ಕಾರು ಹೊರಟಿತು. ಹಸಿರು ಬಣ್ಣ, ಬೆಳ್ಳಿಯ ಪ್ಲೇಟ್ ಚಕ್ರ, ನೋಡಲು ಲಕ್ಷಣವಾಗಿಯೇ ಇತ್ತು. ಬೀದಿಯ ಮಕ್ಕಳೆಲ್ಲ ಹಿಂದೆ ಓಡಿದರು. ಅಶ್ವತ್ಥಪ್ಪ ಗೋಡೆಯ ಮೇಲೆ ಕೂತು ನೋಡಿದ. ಆಮೇಲೆ ಅವನು ಶೆಡ್ಡಿಗೆ ಹೋಗುವುದನ್ನು ಬಿಟ್ಟ, ಗದರುವುದನ್ನೂ ಬಿಟ್ಟ. ಮನೆ ಶಾಂತವಾಯಿತು ಎಂದು ಹೊರಗಿನವರಿಗೆ ಅನ್ನಿಸಿರಬಹುದು. ಪಿಳ್ಳಮ್ಮನಿಗೂ ಈಗ ಕೂಗಿ ಹೇಳುವ ಮನಸ್ಸಿರಲಿಲ್ಲ. ತಟ್ಟೆ ಮುಂದಿಟ್ಟು ಗಂಡನ ಭುಜ ಮುಟ್ಟುತ್ತಿದ್ದಳು.

ಹಬ್ಬದ ಮರುದಿನ ಎಲ್ಲರೂ ಊಟಕ್ಕೆ ಕೂತಿದ್ದರು. ಸಹನಾ ತೆಲುಗಿನಲ್ಲಿ ಅಮ್ಮನಿಗೆ ಶಾಲೆಯ ಕಥೆ ಹೇಳುತ್ತಿತ್ತು. ಭಾನು ಮಗುವಿನ ತೊಡೆ ಮುಟ್ಟಿ, ಕನ್ನಡದಲ್ಲಿ ಹೇಳು, ತಾತನಿಗೂ ತಿಳಿಯಲಿ ಎಂದಳು. ಅಶ್ವತ್ಥಪ್ಪ ಅವಳ ತುಟಿ ನೋಡಿದ.

“ಏ ಭಾಷಲೋನೈನಾ ಮಾಟ್ಲಾಡನೀಮ್ಮಾ. ನಾಕು ಅನ್ನೀ ಒಕಟೇ.”

ಯಾವ ಭಾಷೆಯಲ್ಲಾದರೂ ಆಡಲಿ ಬಿಡಮ್ಮ, ನನಗೆ ಎಲ್ಲವೂ ಒಂದೇ ಎಂದು ಅವನು ಹೇಳಿದ್ದು ತೆಲುಗಿನಲ್ಲಿ, ಸಂತೆಯವರು ಆಡುವ ಅಚ್ಚ ತೆಲುಗಿನಲ್ಲಿ. ಗೋಪಿ ತಟ್ಟೆಯಿಂದ ಕೈ ತೆಗೆದ. ಭಾನು ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲಿ ಬಿಟ್ಟು, ತಪ್ಪಾಯಿತು ಮಾವ, ಇವರಿಗೆ ಹೇಳಿದ್ದು ನಾನೇ, ನಿಮ್ಮ ಜೊತೆ ಕೂತು ಕಟ್ಟಿಸಬೇಕಿತ್ತು, ಕಟ್ಟಿಸಲಿಲ್ಲ ಎಂದು ಕನ್ನಡದಲ್ಲೂ ಹೇಳಿದಳು, ತೆಲುಗಿನಲ್ಲೂ ಹೇಳಿದಳು. ಅಶ್ವತ್ಥಪ್ಪ ತಲೆ ತಗ್ಗಿಸಿಕೊಂಡು ಮುದ್ದೆ ಮುರಿಯುತ್ತಿದ್ದ.